‘ಗೊತ್ತಿಲ್ಲ’ ಅನ್ನುವ ಪಾಠ

ಕಾಲೇಜಿಗೆ ಹೊಸದಾಗಿ ಸೇರಿದ ಗಣಿತದ ಮೇಡಂಗಳು ಆಗಾಗ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ನನ್ನ ಮನೆಗೆ ಬರುತ್ತಾರೆ. ಬಂದವರು ಕೇಳುವುದು ಒಂದೇ ಪ್ರಶ್ನೆ: “ಹುಡುಗಿಯರನ್ನ ಎಂ.ಎಸ್ಸಿ ಪ್ರವೇಶ ಪರೀಕ್ಷೆಗೆ ತಯಾರು ಮಾಡಾಕೆ ಯಾವ ಪುಸ್ತಕ ಚಲೋ ಐತೆ ಮೇಡಂ?” ನಾನು ಒಂದೆರಡು ಹೆಸರು ಹೇಳುತ್ತೇನೆ. ಅವರು ಮೊಬೈಲಿನಲ್ಲಿ ಬರೆದುಕೊಂಡು, ಕಾಫಿ ಕುಡಿದು, ಹೊರಟುಬಿಡುತ್ತಾರೆ. ಪುಸ್ತಕದಿಂದ ಆಗುವುದು ಈ ಕೆಲಸದಲ್ಲಿ ಅರ್ಧವೂ ಇಲ್ಲ ಎಂದು ಹೇಳೋಣ ಅನ್ನುವಷ್ಟರಲ್ಲಿ ಗೇಟಿನ ಹೊರಗೆ ಸ್ಕೂಟಿ ಸ್ಟಾರ್ಟ್ ಆಗಿರುತ್ತದೆ. ಉಳಿದ ಅರ್ಧವನ್ನು ಬರೆದಾದರೂ ಇಡೋಣ ಎಂದು ಕೂತಿದ್ದೇನೆ.

ದಾವಣಗೆರೆಯ ಒಂದು ಮಹಿಳಾ ಕಾಲೇಜಿನಲ್ಲಿ ಗಣಿತ ಹೇಳಿದವಳು ನಾನು. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು, ಇವುಗಳ ಕಥೆ ಯಾರಿಗೂ ಬೇಡ, ನನಗಂತೂ ಬೇಡವೇ ಬೇಡ. ಬಿ.ಎಸ್ಸಿ ಕೊನೆಯ ವರ್ಷದ ಹುಡುಗಿಯರಲ್ಲಿ ಗಣಿತದ ರುಚಿ ಹತ್ತಿದವರನ್ನು ಗುರುತಿಸಿ, ಎಂ.ಎಸ್ಸಿಗೆ, ಸಾಧ್ಯವಾದರೆ ಅದರಾಚೆಗೂ ಕಳಿಸುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡಿದ್ದೆ. ಮಾಡಿ ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದವರು ಬೇಕಾದಷ್ಟು ಜನ ಇದ್ದರು.

ಸೇರಿದ ಹೊಸತರಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಕಿರುಪರೀಕ್ಷೆಯಲ್ಲಿ ಒಂದು ಪ್ರಮೇಯ ಸಾಧಿಸಲು ಕೊಟ್ಟಿದ್ದೆ. ಪುಸ್ತಕದಲ್ಲಿ ‘ಎಫ್’ ಎಂದಿದ್ದ ಕಡೆ ‘ಎಚ್’ ಎಂದೂ, ‘ಎ’, ‘ಬಿ’ ಇದ್ದ ಕಡೆ ‘ಪಿ’, ‘ಕ್ಯೂ’ ಎಂದೂ ಬರೆದಿದ್ದೆ. ಬೇರೆ ಒಂದು ಅಕ್ಷರವೂ ಬದಲಾಗಿರಲಿಲ್ಲ. ಇಡೀ ತರಗತಿ ಆ ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿತು. ಮಾರನೇ ದಿನ ಪ್ರಾಂಶುಪಾಲರ ಕೋಣೆಯಿಂದ ಕರೆ ಬಂತು.

“ಅಲ್ರಿ ಮೇಡಂ, ಹುಡುಗೇರು ಅಳಾಕತ್ಯಾರೆ. ಸಿಲಬಸ್ ಬಿಟ್ಟು ಯಾಕ ಪ್ರಶ್ನೆ ಕೊಟ್ರಿ?”

“ಸಿಲಬಸ್‌ನಾಗಿಂದೇ ಸರ್. ಬರೇ ಅಕ್ಷರ ಬದಲು ಮಾಡೀನಿ.”

“ಯಾಕ ಬದಲು ಮಾಡಬೇಕು? ಇದ್ದಂಗೆ ಇರಾಕೆ ಬಿಡ್ರಿ.”

ಅವರು ಇತಿಹಾಸದವರು. ಹೆಸರು, ಇಸವಿ ಬದಲಾದರೆ ಅವರ ಶಾಸ್ತ್ರವೇ ಕುಸಿದು ಬೀಳುತ್ತದೆ, ಪಾಪ. ನಮ್ಮ ಶಾಸ್ತ್ರದಲ್ಲಿ ಹೆಸರಿಗೆ ಮೂರು ಕಾಸಿನ ಬೆಲೆ ಇಲ್ಲ ಎಂದು ವಿವರಿಸಲು ಹೋಗಿ ಸೋತೆ. ಆದರೆ ಆ ದಿನ ನನಗೆ ಒಂದು ವಿಷಯ ಖಾತ್ರಿಯಾಯಿತು. ನಮ್ಮ ಹುಡುಗಿಯರ ನೆನಪಿನ ಶಕ್ತಿ ಅಸಾಧ್ಯವಾದದ್ದು, ಪುಟಗಟ್ಟಲೆ ಸಾಧನೆಯನ್ನು ಅಲ್ಪವಿರಾಮ ಬಿಡದೆ ಒಪ್ಪಿಸುತ್ತಿದ್ದರು. ಅದಕ್ಕೆ ಅಂಕವೂ ಬರುತ್ತಿತ್ತು, ಫಸ್ಟ್ ಕ್ಲಾಸೂ ಬರುತ್ತಿತ್ತು. ಗಿಣಿಪಾಠಕ್ಕೆ ಬಹುಮಾನ ಕೊಟ್ಟವರು ನಾವು, ಗಿಣಿಗಳನ್ನು ಬೈದು ಏನು ಪ್ರಯೋಜನ?

ಅಂದಿನಿಂದ ಶನಿವಾರ ಮಧ್ಯಾಹ್ನ ಒಂದು ತರಗತಿ ಶುರುಮಾಡಿದೆ. ಅದರ ಪದ್ಧತಿ ಸರಳ. ಯಾವ ಪುಸ್ತಕದಲ್ಲೂ ನೇರವಾಗಿ ಸಿಗದ ಒಂದು ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯುವುದು, ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಕೂರುವುದು. ನನ್ನಂಥ ಮಾತುಗಾತಿಗೆ ಅದು ಎಂಥ ತಪಸ್ಸು ಎಂಬುದು ನನ್ನ ಮನೆಯವರಿಗೆ ಗೊತ್ತು. ಒಮ್ಮೆ ಪ್ರಾಂಶುಪಾಲರು ಕಿಟಕಿಯಲ್ಲಿ ಇಣುಕಿದರು.

“ಸದ್ದೇ ಇಲ್ಲಲ್ಲ, ಕ್ಲಾಸ್ ಬಿಟ್ರೇನೋ ಅಂತ ಬಂದೆ. ಏನು ನಡದೈತ್ರಿ?”

“ಯೋಚನೆ ಮಾಡಾಕತ್ಯಾರೆ ಸರ್.”

“ಯೋಚನಿ ಮನ್ಯಾಗ ಮಾಡ್ಲಿ. ಇಲ್ಲಿ ನೀವು ಪಾಠ ಮಾಡ್ರಿ. ಅಲ್ಲ, ಎಂ.ಎಸ್ಸಿ ಮಾಡಿ ಇವರೇನು ಮಾಡ್ತಾರ್ರಿ? ಬಿ.ಎಡ್ ಮಾಡಸ್ರಿ, ಚೊಲೋ ಆಗ್ತೈತೆ.”

ಹೀಗೆ ಗೊಣಗುತ್ತಲೇ ಆ ಮನುಷ್ಯ ಪ್ರತಿ ಶನಿವಾರ ನಮಗಾಗಿ ಗ್ರಂಥಾಲಯದ ಬೀಗ ತೆಗೆಸಿ ಹೋಗುತ್ತಿದ್ದರು. ನಿಮಗೂ ಇಂಥ ಮೇಲಧಿಕಾರಿಗಳು ಸಿಗುತ್ತಾರೆ. ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ, ಬೀಗದ ಕೈ ಮಾತ್ರ ಬಿಡಬೇಡಿ.

ಶನಿವಾರದ ತರಗತಿಗೆ ಒಂದೇ ತೊಂದರೆ, ಹರಿಹರದ ಹುಡುಗಿಯರು ಉಳಿಯುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲು ಮನೆ ಸೇರಬೇಕೆಂಬ ಕಟ್ಟಪ್ಪಣೆ. ಆಗ ನಮ್ಮ ಮನೆಯೂ ಹರಿಹರದಲ್ಲೇ ಇತ್ತು, ದಿನಾ ಅದೇ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅವರು ಉಳಿಯದಿದ್ದರೆ ಏನಾಯಿತು, ತರಗತಿಯೇ ಬಸ್ಸು ಹತ್ತಲಿ ಎಂದೆ. ಆದರೆ ಆ ರಸ್ತೆಯ ಕುಲುಕಾಟದಲ್ಲಿ ಪೆನ್ನು ಹಿಡಿಯಲು ಸಾಧ್ಯವೇ? ಬರೆಯುವಂತಿಲ್ಲ, ಬರೇ ಮಾತಾಡಬೇಕು. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದು ಆ ಗದ್ದಲದಲ್ಲಿ ಬಾಯಿಗೆ ಬರುತ್ತಿರಲಿಲ್ಲ, ಕನ್ನಡದಲ್ಲಿ ಹೇಳಲು ಶುರುಮಾಡಿದರು. ಕನ್ನಡದಲ್ಲಿ ಹೇಳಬೇಕೆಂದರೆ ಅರ್ಥವಾಗಿರಲೇಬೇಕು, ಇಲ್ಲದಿದ್ದರೆ ಮಾತು ಅಲ್ಲೇ ನಿಲ್ಲುತ್ತದೆ. ನನ್ನ ಜೀವನದ ಅತ್ಯುತ್ತಮ ತರಗತಿಗಳು ನಡೆದದ್ದು ಹಾಗೆ, ಸೀಟಿನ ಕಂಬಿ ಹಿಡಿದುಕೊಂಡು.

ಆ ಬಸ್ಸಿನಲ್ಲಿ ಮುಬೀನಾ ಎಂಬ ಹುಡುಗಿ ಇದ್ದಳು. ತಂದೆ ಹರಿಹರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದರು, ತಾಯಿ ಮನೆಯಲ್ಲಿ ಹಳೇ ಸೀರೆ ತುಂಡುಗಳ ಕೌದಿ ಹೊಲಿಯುತ್ತಿದ್ದರು. ಮುಬೀನಾಳದು ಹರಿತವಾದ ನಾಲಿಗೆ, ಅದಕ್ಕಿಂತ ಹರಿತವಾದ ಬುದ್ಧಿ. ಗಣಿತದಲ್ಲಿ ‘ಗ್ರೂಪ್’ ಎಂದೊಂದು ಕಲ್ಪನೆ ಇದೆ. ಒಂದಷ್ಟು ಕ್ರಿಯೆಗಳು; ಒಂದರ ಹಿಂದೆ ಒಂದು ಮಾಡಿದರೆ ಮತ್ತೆ ಅವುಗಳಲ್ಲೇ ಒಂದು ಆಗಬೇಕು, ಮಾಡಿದ್ದನ್ನು ಮರಳಿಸಲೂ ಬರಬೇಕು, ಅಷ್ಟು ತಿಳಿದರೆ ಸಾಕು. ಪುಸ್ತಕದಲ್ಲಿ ಇಲ್ಲದ ಉದಾಹರಣೆ ಒಂದು ಯೋಚಿಸಿಕೊಂಡು ಬನ್ನಿ ಎಂದಿದ್ದೆ. ಮಾರನೇ ದಿನ ಮುಬೀನಾ ಬಸ್ಸು ಹತ್ತುತ್ತಲೇ ಹೇಳಿದಳು:

“ಮೇಡಂ, ನಮ್ಮ ಮನ್ಯಾಗ ಕೌದಿ ಹಾಸೋದು ಒಂದು ಗ್ರೂಪ್.”

“ಹೆಂಗೆ?”

“ಹಾಸಿರೋ ಕೌದಿ ಎತ್ತಿ ಮತ್ತೆ ಅದೇ ಜಾಗದಾಗ ಹಾಸಾಕೆ ನಾಕೇ ದಾರಿ ಮೇಡಂ. ಇದ್ದಂಗೆ ಬಿಡೋದು. ತಲಿ ಕಡೀದು ಕಾಲ ಕಡಿಗೆ ತಿರುಗ್ಸೋದು. ಉದ್ದಕ್ಕೆ ಮಗುಚೋದು. ಅಡ್ಡಕ್ಕೆ ಮಗುಚೋದು. ಯಾವ್ದನ್ನ ಎರಡು ಸಲ ಮಾಡಿದ್ರೂ ಮೊದಲಿನಂಗೇ ಆಗ್ತೈತೆ. ಒಂದು ಮಾಡಿ ಇನ್ನೊಂದು ಮಾಡಿದ್ರೆ ಮೂರನೇದು ಮಾಡ್ದಂಗೆ. ನಾನೂ ಅಮ್ಮೀನೂ ರಾತ್ರಿ ಮಾಡಿ ನೋಡಿದ್ವಿ. ಅಮ್ಮಿ, ನಿಂಗೆ ಹುಚ್ಚು ಹಿಡಿದೈತೆ ಅಂದ್ರು.”

ಕಂಡಕ್ಟರು ಟಿಕೆಟ್ ಕೇಳುತ್ತ ಪಕ್ಕದಲ್ಲೇ ನಿಂತಿದ್ದ. ನನಗೆ ಚಿಲ್ಲರೆ ತೆಗೆಯಲೂ ಕೈ ಬರಲಿಲ್ಲ, ಅಷ್ಟು ಸಂತೋಷವಾಗಿತ್ತು. ಮುಬೀನಾ ಮುಂದೆ ಇಲ್ಲಿಯ ವಿಶ್ವವಿದ್ಯಾಲಯದಲ್ಲೇ ಎಂ.ಎಸ್ಸಿ ಮುಗಿಸಿ ಈಗ ಹರಿಹರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳ ಕ್ಲಾಸಿನಲ್ಲಿ ನಿದ್ದೆ ಮಾಡಲು ಯಾರಿಗೂ ಧೈರ್ಯ ಸಾಲದು ಎಂದು ಕೇಳಿದ್ದೇನೆ.

ಈಗ ಬಸ್ಸಿನ ತರಗತಿ ಬೇಕಿಲ್ಲ ಎನ್ನುತ್ತೀರಿ. ಸರಿ. ನನ್ನ ನೌಕರಿಯ ಕೊನೆಯ ವರ್ಷಗಳಲ್ಲೇ ಆನ್‌ಲೈನ್ ಪಾಠ ಬಂತು. ಯಾವ ಪ್ರಮೇಯ ಬೇಕಾದರೂ ಮೊಬೈಲಿನಲ್ಲಿ ಯಾರೋ ಒಬ್ಬರು ವಿವರಿಸುತ್ತಿರುತ್ತಾರೆ, ನನಗಿಂತ ಚೆನ್ನಾಗಿಯೇ ವಿವರಿಸುತ್ತಾರೆ. ನಮ್ಮ ಕಾಲದಲ್ಲಿ ಒಂದು ಒಳ್ಳೆಯ ಪುಸ್ತಕಕ್ಕಾಗಿ ಧಾರವಾಡಕ್ಕೆ ಹೋಗಿ ಬರುತ್ತಿದ್ದೆವು. ಇದು ದೊಡ್ಡ ಲಾಭ, ನಾನೇನು ಹಳೇ ಕಾಲವೇ ಚಂದ ಎಂದು ಹಾಡುವವಳಲ್ಲ. ಆದರೆ ವಿಡಿಯೊ ನೋಡುವ ಹುಡುಗಿ ಕೋಲೆ ಬಸವನ ಹಾಗೆ ತಲೆ ಆಡಿಸುತ್ತಾಳೆ, ಅರ್ಥವಾಯಿತೋ ಇಲ್ಲವೋ ವಿಡಿಯೊ ಕೇಳುವುದಿಲ್ಲ. ಕೇಳುವ ಕೆಲಸ ಈಗಲೂ ನಿಮ್ಮದೇ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ. ಮುಬೀನಾಳ ಜೊತೆಯಲ್ಲೇ ಪವಿತ್ರಾ ಎಂಬ ಹುಡುಗಿ ಓದುತ್ತಿದ್ದಳು. ದಾವಣಗೆರೆಯ ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರ ಮಾಡುವ ಕೊಟ್ರಪ್ಪನವರ ಮಗಳು. ಮೆತ್ತಗಿನ ಹುಡುಗಿ, ಕರೆದರೆ ಮಾತ್ರ ಮಾತು. ಆದರೆ ಶನಿವಾರದ ಪ್ರಶ್ನೆಗಳಿಗೆ ಅವಳು ಬರೆದುಕೊಂಡು ಬರುತ್ತಿದ್ದ ಉತ್ತರ ನೋಡಿದರೆ, ಇವಳು ಇಲ್ಲಿ ನಿಲ್ಲುವವಳಲ್ಲ ಎನಿಸುತ್ತಿತ್ತು. ಪುಣೆಯ ಒಂದು ಸಂಸ್ಥೆಯಲ್ಲಿ ಎಂ.ಎಸ್ಸಿ ಮತ್ತು ಸಂಶೋಧನೆ ಎರಡನ್ನೂ ಸೇರಿಸಿ ಓದುವ ಅವಕಾಶವಿತ್ತು. ಬರವಣಿಗೆಯ ಪರೀಕ್ಷೆಯಲ್ಲಿ ಪವಿತ್ರಾ ಪಾಸಾದಳು. ಸಂದರ್ಶನಕ್ಕೆ ಕರೆ ಬಂತು. ನಮ್ಮ ಕಾಲೇಜಿನಿಂದ ಅಷ್ಟು ದೂರ ಅದುವರೆಗೆ ಯಾರೂ ಮುಟ್ಟಿರಲಿಲ್ಲ. ಕೊಟ್ರಪ್ಪನವರು ಹ್ಞೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ. ಒಳಗೊಳಗೆ ಗಂಡು ನೋಡುತ್ತಿದ್ದರು.

ಸಂದರ್ಶನದ ತಾಲೀಮು ಮಾಡಿಸೋಣ ಎಂದು ಒಂದು ಶನಿವಾರ ನಾನು ಮತ್ತು ಭೌತಶಾಸ್ತ್ರದ ಪಾಟೀಲ ಸರ್ ಮೇಜು ಹಾಕಿಕೊಂಡು ಸಮಿತಿಯವರಂತೆ ಕೂತೆವು. ತಾನೂ ತಾಲೀಮು ಮಾಡುತ್ತೇನೆಂದು ಮುಬೀನಾ ಕೂಡ, ನನ್ನ ಜೊತೆಗೇ ಬಸ್ಸಿನಲ್ಲಿ ಮರಳುವುದಾಗಿ ಮನೆಯವರನ್ನು ಒಪ್ಪಿಸಿ, ಆ ಶನಿವಾರಗಳಂದು ಉಳಿಯುತ್ತಿದ್ದಳು. ಪವಿತ್ರಾಳನ್ನು ಒಳಗೆ ಕರೆದೆವು. ಬಂದವಳೇ ಇಬ್ಬರ ಕಾಲಿಗೂ ನಮಸ್ಕಾರ ಮಾಡಿದಳು. ಕುರ್ಚಿಯ ತುದಿಯಲ್ಲಿ ಕೂತು, ದುಪ್ಪಟ್ಟಾ ಸರಿಮಾಡಿಕೊಂಡು, ನೆಲ ನೋಡತೊಡಗಿದಳು. ಗ್ರೂಪ್ ಅಂದರೇನು ಎಂದರೆ ಉಸಿರು ಬಿಡದೆ ವ್ಯಾಖ್ಯೆ ಒಪ್ಪಿಸಿದಳು. “ಈ ನಿಯಮದಾಗ ಒಂದನ್ನ ತೆಗೆದ್ರೆ ಏನಾಗ್ತೈತಮ್ಮ?” ಎಂದು ಪಾಟೀಲ ಸರ್ ಕೇಳಿದರು. ಪವಿತ್ರಾ ಮತ್ತೊಮ್ಮೆ ದುಪ್ಪಟ್ಟಾ ಸರಿಮಾಡಿಕೊಂಡಳು. “ಗೊತ್ತಿದ್ರೆ ಹೇಳು, ಇಲ್ಲಂದ್ರೆ ಗೊತ್ತಿಲ್ಲ ಅನ್ನು. ಅದೇನು ತಪ್ಪಲ್ಲ.” ಕೊನೆಗೆ ಅವಳ ಕಣ್ಣಿಂದ ನೀರು ಬಂತೇ ಹೊರತು ಬಾಯಿಂದ ಮಾತು ಬರಲಿಲ್ಲ.

ಬಾಗಿಲಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಮುಬೀನಾ ಕಿಸಕ್ಕೆಂದಳು. “ಮೇಡಂ, ಇವಳು ಹೆಣ್ಣು ನೋಡಾಕೆ ಬಂದೋರ ಮುಂದೆ ಕುಂತಂಗೆ ಕುಂತಾಳೆ.”

ಎಲ್ಲರೂ ನಕ್ಕೆವು. ಪವಿತ್ರಾಳೂ ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: “ಖರೇನೇ ಮೇಡಂ. ನಮ್ಮಜ್ಜಿ ಹೇಳಿಕೊಟ್ಟಿರೋದು ಹಂಗೇ. ಅಡಿಗಿ ಬರ್ತೈತಾ ಅಂದ್ರೆ ಬರ್ತೈತೆ ಅನ್ನಬೇಕು. ಹಾಡು ಬರ್ತೈತಾ ಅಂದ್ರೆ ಸ್ವಲ್ಪ ಬರ್ತೈತೆ ಅನ್ನಬೇಕು. ಗೊತ್ತಿಲ್ಲ ಅಂತ ಮಾತ್ರ ಅನ್ನಬಾರದು. ಸುಮ್ನೆ ಕುಂತ್ರೆ ನಾಚಿಕಿ ಅನ್ಕೊಂತಾರೆ, ಗೊತ್ತಿಲ್ಲ ಅಂದ್ರೆ ದಡ್ಡಿ ಅನ್ಕೊಂತಾರೆ.”

ಪಾಟೀಲ ಸರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಪರಿಚಿತರ ಎದುರು ಕುರ್ಚಿಯಲ್ಲಿ ಕೂತು ಉತ್ತರ ಹೇಳುವ ಸಂದರ್ಭ ಈ ಹುಡುಗಿಯರ ಬದುಕಿನಲ್ಲಿ ಅದೊಂದೇ. ಅದಕ್ಕೆ ಮನೆಯವರು ಚಿಕ್ಕಂದಿನಿಂದ ತರಬೇತಿ ಕೊಟ್ಟಿದ್ದಾರೆ. ಆ ತರಬೇತಿಯ ಮೇಲೆ ನಾವು ಗ್ರೂಪ್ ಥಿಯರಿ ಕಲಿಸಿ, ಸಂದರ್ಶನಕ್ಕೆ ಕಳಿಸುತ್ತಿದ್ದೇವೆ. ಗಣಿತದಲ್ಲಿ ಮುಂದೆ ಓದುವುದೆಂದರೆ ಗೊತ್ತಿಲ್ಲದ್ದರ ಜೊತೆ ವರ್ಷಗಟ್ಟಲೆ ಸಂಸಾರ ಮಾಡುವುದು. ಆ ಒಂದು ಮಾತೇ ಬಾಯಿಗೆ ಬರದವಳು ಅಲ್ಲಿ ಹೋಗಿ ಏನು ಮಾಡುತ್ತಾಳೆ?

ಅನ್ನು, ಅನ್ನು ಎಂದು ಎಷ್ಟು ಹೇಳಿದರೂ ಅನ್ನಲಿಲ್ಲ. ಕೊನೆಗೆ ಪಾಟೀಲ ಸರ್ ಒಂದು ಉಪಾಯ ಹೇಳಿದರು. “ಕುರ್ಚಿ ಅದಲು ಬದಲು ಮಾಡ್ರಿ ಮೇಡಂ. ಇವ್ರು ಕೇಳ್ಲಿ, ನಾವು ಹೇಳೋಣ.” ಮುಂದಿನ ಶನಿವಾರ ಹುಡುಗಿಯರು ಮೇಜಿನ ಆ ಕಡೆ ಕೂತರು, ನಾನು ಈ ಕಡೆ ಕುರ್ಚಿಯಲ್ಲಿ. ಸಮಿತಿಯ ಅಧ್ಯಕ್ಷೆ ಮುಬೀನಾ. ಕನ್ನಡಕ ಇಲ್ಲದಿದ್ದರೂ ಕನ್ನಡಕದ ಮೇಲಿಂದ ನೋಡುವಂತೆ ನನ್ನನ್ನು ನೋಡಿದಳು, ಥೇಟ್ ನನ್ನ ಹಾಗೇ. ಕೇಳಿದಳು: “ಕೊನೀನೇ ಇಲ್ಲದ ಕೌದಿ ಇದ್ರೆ, ಅದರ ಮ್ಯಾಲೆ ಒಂದೇ ಚಿತ್ತಾರ ತಿರುಗಿ ತಿರುಗಿ ಬರಬೇಕಂದ್ರೆ, ಎಷ್ಟು ಥರ ಆಗ್ತೈತೆ ಮೇಡಂ?”

ಅದಕ್ಕೊಂದು ಉತ್ತರವಿದೆ ಎಂದು ಎಲ್ಲೋ ಓದಿದ್ದೆ. ಅದು ಎಷ್ಟು, ಯಾಕೆ ಅಷ್ಟೇ ಎಂದು ನನಗೆ ಖಂಡಿತ ಗೊತ್ತಿರಲಿಲ್ಲ. ನಾಟಕ ಆಡಲು ಕೂತವಳು ನಿಜಕ್ಕೂ ಸಿಕ್ಕಿಬಿದ್ದೆ. “ಗೊತ್ತಿಲ್ಲ. ಪ್ರಯತ್ನ ಮಾಡ್ತೀನಿ,” ಎಂದು ಬೋರ್ಡಿಗೆ ಹೋದೆ. ಗಟ್ಟಿಯಾಗಿ ಯೋಚಿಸುತ್ತ ಒಂದು ದಾರಿ ಹಿಡಿದೆ, ಅದು ತಪ್ಪಿತು, ಒರೆಸಿದೆ. ಇನ್ನೊಂದು ಹಿಡಿದೆ, ಸ್ವಲ್ಪ ದೂರ ಹೋಗಿ ನಿಂತಿತು. “ಇಲ್ಲೀತನಕ ಗೊತ್ತಾತು, ಇಲ್ಲಿಂದ ಮುಂದೆ ಗೊತ್ತಿಲ್ಲ,” ಎಂದು ಕೈಗೆ ಮೆತ್ತಿದ ಸೀಮೆಸುಣ್ಣ ಝಾಡಿಸಿ ಬಂದು ಕೂತೆ. ಹುಡುಗಿಯರು ಬಾಯಿ ತೆರೆದು ನೋಡುತ್ತಿದ್ದರು. ಮೇಡಂ ಒಬ್ಬರು ಗೊತ್ತಿಲ್ಲ ಅಂದರೂ ಛಾವಣಿ ಕುಸಿದು ಬೀಳಲಿಲ್ಲವಲ್ಲ ಎಂಬುದೇ ಅವರಿಗೆ ಆಶ್ಚರ್ಯ.

ಅಲ್ಲಿಂದ ಅದೇ ನಮ್ಮ ನಿಯಮವಾಯಿತು. ಯಾವ ಪ್ರಶ್ನೆ ಬಂದರೂ ಮೊದಲು ಎಲ್ಲಿಯವರೆಗೆ ಗೊತ್ತು ಎಂದು ಹೇಳು, ಎಲ್ಲಿಂದ ಗೊತ್ತಿಲ್ಲ ಎಂದು ಹೇಳು, ಆಮೇಲೆ ಪ್ರಯತ್ನಿಸು. ಪವಿತ್ರಾ ಎಲ್ಲರಿಗಿಂತ ತಡವಾಗಿ ಕಲಿತಳು. ಆದರೆ ತಡವಾಗಿ ಕಲಿತವರು ಗಟ್ಟಿಯಾಗಿ ಕಲಿಯುತ್ತಾರೆ.

ಎಷ್ಟು ಗಟ್ಟಿಯಾಗಿ ಎಂಬುದು ಬಲುಬೇಗ ತಿಳಿಯಿತು. ರಾಣೆಬೆನ್ನೂರು ಕಡೆಯ ಒಂದು ಮನೆತನದವರು ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಗದ್ದುಗೆಯ ದರ್ಶನಕ್ಕೆ ಬಂದಿದ್ದರು. ಹರಿಹರದ ನೆಂಟರಲ್ಲಿ ಉಳಿದು, ಬಿದಿಗೆಯ ದಿನ ಪವಿತ್ರಾಳನ್ನು ನೋಡಲು ಮಂಡಿಪೇಟೆಗೆ ಬಂದರು. ಹುಡುಗನ ದೊಡ್ಡಮ್ಮ ಎಂದಿನ ಪ್ರಶ್ನೆ ಹಾಕಿದರು: “ಅಡಿಗಿ ಎಲ್ಲಾ ಬರ್ತೈತೇನಮ್ಮ?” ನಮ್ಮ ಪವಿತ್ರಾ ತಲೆ ಎತ್ತಿ ಹೇಳಿದಳಂತೆ: “ರೊಟ್ಟಿ, ಪಲ್ಯ, ಸಾರು ಬರ್ತೈತ್ರಿ. ಹೋಳಿಗಿ ಬರಂಗಿಲ್ರಿ. ಕಲೀಬಹುದು.” ದೊಡ್ಡಮ್ಮ ಅಜ್ಜಿಯ ಮುಖ ನೋಡಿದರು. “ಮದುವಿ ಆದಮ್ಯಾಲೆ ಓದು ಗೀದು ಬಿಡ್ತೀ ಹೌದಲ್ಲ?” “ಅದು ಗೊತ್ತಿಲ್ರಿ. ಯೋಚನಿ ಮಾಡಿ ಹೇಳ್ತೀನ್ರಿ.” ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತೇನೋ. ಸಮಿತಿಯಲ್ಲಿ ಕೂತು ಅಭ್ಯಾಸವಾಗಿತ್ತಲ್ಲ, ಹುಡುಗನ ಕಡೆ ತಿರುಗಿ, “ನಿಮ್ಮ ಊರಾಗ ಚಲೋ ಲೈಬ್ರರಿ ಐತೇನ್ರಿ?” ಎಂದು ಕೇಳಿದಳು. ಹುಡುಗ ತನ್ನ ದೊಡ್ಡಮ್ಮನ ಮುಖ ನೋಡಿದನಂತೆ.

ಬಂದವರು ಉಪ್ಪಿಟ್ಟು ತಿಂದು, ತಿಳಿಸುತ್ತೇವೆ ಎಂದು ಹೇಳಿ ಹೋದರು. ಏನೂ ತಿಳಿಸಲಿಲ್ಲ. ಮಾರನೇ ದಿನ ಕಾಲೇಜಿನ ಮೆಟ್ಟಿಲ ಮೇಲೆ ಕೂತು ಪವಿತ್ರಾ ಇದನ್ನೆಲ್ಲ ನನಗೆ ಹೇಳಿದಳು. “ನಾನು ಬೇಕಂತ ಮಾಡ್ಲಿಲ್ಲ ಮೇಡಂ. ಬಾಯಿಗೆ ಬಂದುಬಿಡ್ತು. ಅಜ್ಜಿ ಅಳಾಕತ್ಯಾರೆ. ಅಪ್ಪಾಜಿ ಮಾತಾಡವಲ್ರು. ಪುಣೇಗೆ ಹೋಗೋದು ಮುಗೀತು ಅನ್ಸುತ್ತೆ.” ನನಗೆ ಒಂದು ಕಡೆ ಆ ಹುಡುಗಿಯ ಮೇಲೆ ಹೆಮ್ಮೆ, ಇನ್ನೊಂದು ಕಡೆ ನನ್ನ ಪಾಠವೇ ಅವಳ ದಾರಿಗೆ ಅಡ್ಡ ಬಂತಲ್ಲ ಎಂಬ ಸಂಕಟ. ಸಂದರ್ಶನ ಹತ್ತಿರದಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ಕೊಟ್ರಪ್ಪನವರು ಸ್ಕೂಟರ್ ಹತ್ತಿ ಹರಿಹರದ ನಮ್ಮ ಮನೆಗೇ ಬಂದರು. ಹಣೆಯಲ್ಲಿ ವಿಭೂತಿ, ಬಿಳೀ ಅಂಗಿ, ಮೈಯಿಂದ ಮೆಣಸಿನಕಾಯಿಯ ಘಾಟು. ನನ್ನ ಯಜಮಾನರಿಗೆ ಕೂತಲ್ಲೇ ಸೀನು ಶುರುವಾಯಿತು. “ಬರ್ರಿ, ಕೂಡ್ರಿ,” ಎಂದೆ. ಕೂತರು, ಕಾಫಿ ಮುಟ್ಟಲಿಲ್ಲ.

“ಮೇಡಂ ಅವ್ರೆ, ಹುಡುಗನ ಕಡೆಯೋರು ಹೋದೋರು ಸುದ್ದೀನೇ ಇಲ್ಲ. ಗೊತ್ತಿಲ್ಲ ಅನ್ನೋದನ್ನ ನೀವು ಕಲಿಸಿದ್ದಂತೆ?”

“ಹೌದ್ರಿ. ನಾನೇ ಕಲಿಸಿದ್ದು. ಪುಣೇದೋರ ಮುಂದೆ ಹೇಳಾಕೆ ಕಲಿಸಿದ್ದೆ.”

“ಪುಣೇಕ ಹೋದ್ರೆ ಸೀಟು ಸಿಗ್ತೈತೇನ್ರಿ?”

ನಾಲಿಗೆಯ ತುದಿಯಲ್ಲಿ ‘ಖಂಡಿತ’ ಬಂದು ಕೂತಿತ್ತು. ತಂದೆತಾಯಿಯರನ್ನು ಒಪ್ಪಿಸುವಾಗ ಮೇಷ್ಟರಾದವರು ಎಲ್ಲರೂ ಆಡುವ ಮಾತು ಅದು. ಆದರೆ ಒಳಗೆ ಮಗಳಿಗೆ ಒಂದು ಕಲಿಸಿ ಹೊರಗೆ ತಂದೆಗೆ ಇನ್ನೊಂದು ಹೇಳಲು ಮನಸ್ಸು ಬರಲಿಲ್ಲ.

“ಗೊತ್ತಿಲ್ರಿ,” ಎಂದೆ. “ಬರವಣಿಗೆ ಪರೀಕ್ಷೆ ಪಾಸಾಗ್ಯಾಳೆ, ಅದು ಗೊತ್ತು. ನಾನು ಕಂಡ ಹುಡುಗೇರಾಗ ಇಂಥ ಬುದ್ಧಿ ಕಮ್ಮಿ, ಅದೂ ಗೊತ್ತು. ಅಲ್ಲಿ ದೇಶದ ಎಲ್ಲಾ ಕಡಿಯಿಂದ ಬಂದಿರ್ತಾರೆ. ಅವರ ಮುಂದೆ ಹೆಂಗೆ ಅಂತ ನನಗೆ ಗೊತ್ತಿಲ್ಲ.”

“ಓದಿ ಮುಗಿಸಿದ್ರೆ ಕೆಲಸ ಸಿಗ್ತೈತೇನು?”

“ಸಿಗೋ ಸಾಧ್ಯತೆ ಐತೆ. ಯಾವಾಗ, ಎಲ್ಲಿ ಅಂತ ಗೊತ್ತಿಲ್ಲ.”

“ಆಮ್ಯಾಲೆ ಗಂಡು ಸಿಗ್ತೈತೇನು?”

“ಅದಂತೂ ಗೊತ್ತೇ ಇಲ್ರಿ.”

ಯಜಮಾನರು ಸೀನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು, ಇವಳಿಗೇನಾಯಿತು ಎಂಬಂತೆ. ಕೊಟ್ರಪ್ಪನವರು ಕಾಫಿ ಲೋಟ ಎತ್ತಿಕೊಂಡರು.

“ನಮ್ಮ ಮಂಡಿಗೆ ಮಾಲು ತರೋರು ಎಲ್ರೂ ಗ್ಯಾರಂಟಿ ಅಂತಾರ್ರಿ. ಗ್ಯಾರಂಟಿ ಅಂದೋನ ಚೀಲಕ್ಕೆ ನಾನು ಮೊಳಕೈತನಕ ಕೈ ಹಾಕಿ ನೋಡ್ತೀನಿ. ಮ್ಯಾಲಿಂದು ನೋಡೀನಿ, ತಳದಾಗ ಹೆಂಗೈತೋ ಗೊತ್ತಿಲ್ಲ ಅನ್ನೋನು ವರ್ಷಕ್ಕೊಬ್ಬ ಬರ್ತಾನೆ. ಅವನ ಮಾಲು ಮುಟ್ಟಿ ನೋಡಂಗಿಲ್ಲ ನಾನು. ಹಂಗೇ ಇಳಿಸಿಕೊಂತೀನಿ.”

ಹ್ಞೂಂ ಎಂದರೋ ಉಹೂಂ ಎಂದರೋ ಗೊತ್ತಾಗಲಿಲ್ಲ. ಕಾಫಿ ಮುಗಿಸಿ, ಕೈಮುಗಿದು, ಹೋದರು. ನಾನು ಇಡೀ ದಿನ ಅಡಿಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಮಂಗಳವಾರ ಪವಿತ್ರಾ ಓಡುತ್ತ ಬಂದಳು. “ಮೇಡಂ, ಅಪ್ಪಾಜಿ ಪುಣೇಕ ಟಿಕೆಟ್ ಮಾಡಿಸ್ಯಾರೆ. ಅವ್ರೂ ಬರ್ತಾರಂತೆ.”

ಸಂದರ್ಶನ ಹೇಗಾಯಿತು ಎಂದು ಅವಳು ಆಮೇಲೆ ಹೇಳಿದ್ದನ್ನು ಹಾಗೇ ಹೇಳುತ್ತೇನೆ, ನಿಮಗೆ ಉಪಯೋಗವಾದೀತು. ಗ್ರೂಪಿಗೆ ಉದಾಹರಣೆ ಕೇಳಿದರು. ಪವಿತ್ರಾ ತನ್ನ ಗೆಳತಿಯದೆಂದು ಹೇಳಿಯೇ ಕೌದಿಯದನ್ನು ಹೇಳಿದಳು. ಅವರಿಗೆ ಖುಷಿಯಾಗಿ, ಕೌದಿ ಬಿಡು, ಆರು ಮುಖವೂ ಸಮಚೌಕವಾದ ಒಂದು ಪೆಟ್ಟಿಗೆ ತಗೋ, ಅದನ್ನು ಎಷ್ಟು ಬಗೆಯಲ್ಲಿ ತಿರುಗಿಸಿ ಅದೇ ಜಾಗದಲ್ಲಿ ಕೂರಿಸಬಹುದು ಎಂದರು. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ, ಪ್ರಯತ್ನಿಸುತ್ತೇನೆ ಎಂದಳು. ಯಾವ ಮುಖ ಬೇಕಾದರೂ ಕೆಳಗೆ ಬರಬಹುದು, ಅದಕ್ಕೆ ಆರು ದಾರಿ, ಕೆಳಗಿನದು ನಿಶ್ಚಯವಾದ ಮೇಲೆ ಪೆಟ್ಟಿಗೆಯನ್ನು ನಾಲ್ಕು ರೀತಿ ತಿರುಗಿಸಬಹುದು, ಒಟ್ಟು ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕು ಎಂದರೆ ಏನು ನೆನಪಾಗುತ್ತದೆ ಎಂದರು. ನಾಲ್ಕು ವಸ್ತುಗಳನ್ನು ಸಾಲಾಗಿ ಜೋಡಿಸುವ ದಾರಿಗಳೂ ಇಪ್ಪತ್ತನಾಲ್ಕೇ ಎಂದಳು. ಹಾಗಾದರೆ ಈ ಪೆಟ್ಟಿಗೆಯಲ್ಲಿ ಆ ನಾಲ್ಕು ವಸ್ತು ಯಾವುವು? ಅಲ್ಲಿ ನಿಂತಳು. ಮುಖ ಆರು, ಮೂಲೆ ಎಂಟು, ಅಂಚು ಹನ್ನೆರಡು. ನಾಲ್ಕು ಎಲ್ಲೂ ಇಲ್ಲ. “ಇಲ್ಲಿಯವರೆಗೆ ಗೊತ್ತು, ಇಲ್ಲಿಂದ ಗೊತ್ತಿಲ್ಲ,” ಎಂದು ತನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಹೇಳಿದಳು. ಸಮಿತಿಯಲ್ಲಿದ್ದ ಒಬ್ಬ ಹೆಂಗಸು ನಕ್ಕು, ಮೂಲೆಗಳನ್ನು ಜೋಡಿ ಮಾಡಿ ನೋಡು ಎಂದರಂತೆ. ಎದುರುಬದುರು ಮೂಲೆಗಳನ್ನು ಸೇರಿಸಿದರೆ ನಾಲ್ಕೇ ಗೆರೆ. ಪವಿತ್ರಾ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತು, ತಾನು ಎಲ್ಲಿದ್ದೇನೆ ಎಂಬುದನ್ನೇ ಮರೆತು, “ಅಯ್ಯ, ಹೌದಲ್ಲ,” ಎಂದು ಕನ್ನಡದಲ್ಲೇ ಅಂದುಬಿಟ್ಟಳು.

ಹೊರಗೆ ಬೆಂಚಿನ ಮೇಲೆ ಕೊಟ್ರಪ್ಪನವರು ಕೂತಿದ್ದರು. “ಹೆಂಗಾತವ್ವ?” ಎಂದರು. “ಗೊತ್ತಿಲ್ಲ ಅಪ್ಪಾಜಿ.” “ಇದೊಂದು ಚೊಲೋ ಕಲಿಸ್ಯಾರೆ ನೋಡು ನಿಮ್ಮ ಮೇಡಂ,” ಎಂದು ಅವಳನ್ನು ಊಟಕ್ಕೆ ಕರೆದುಕೊಂಡು ಹೋದರು.

ಮೊದಲ ಪಟ್ಟಿಯಲ್ಲಿ ಪವಿತ್ರಾಳ ಹೆಸರು ಇರಲಿಲ್ಲ. ಆ ವಾರ ನಾನು ಮಂಡಿಪೇಟೆಯ ಕಡೆಗೇ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಒಂದು ಮಧ್ಯಾಹ್ನ ಕೊಟ್ರಪ್ಪನವರ ಫೋನು ಬಂತು. ಹಿಂದೆ ಹಮಾಲರ ಕೂಗಾಟ, ಲಾರಿಯ ಹಾರನ್ನು. “ಮೇಡಂ ಅವ್ರೆ, ಎರಡನೇ ಲಿಸ್ಟಿನಾಗ ಬಂದೈತಂತ್ರಿ,” ಎಂದವರ ದನಿ ಅಲ್ಲಿಗೇ ನಿಂತುಹೋಯಿತು. ಮೆಣಸಿನಕಾಯಿ ಘಾಟಿಗೆ ಇರಬೇಕು ಎಂದುಕೊಳ್ಳಲು ಅವರು ಹುಟ್ಟಿದಾಗಿನಿಂದ ಅದರಲ್ಲೇ ಬೆಳೆದವರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಆಮೇಲಿನದನ್ನು ಪವಿತ್ರಾಳೇ ಎಂದಾದರೂ ಬರೆಯಲಿ. ಮೊದಲ ವರ್ಷ ಅಲ್ಲಿ ಅವಳು ತಿಣುಕಿದಳು, ಅಳುತ್ತ ಫೋನು ಮಾಡಿದಳು, ಆದರೂ ಬಿಡದೆ ನಿಂತಳು. ಈಗ ಸಂಶೋಧನೆ ಮಾಡುತ್ತಿದ್ದಾಳೆ. ಅವಳು ಬರೆದಿರುವುದನ್ನು ನನಗೆ ಕಳಿಸುತ್ತಾಳೆ, ನನಗೆ ಮೊದಲ ಪುಟ ಮಾತ್ರ ಅರ್ಥವಾಗುತ್ತದೆ. ಹಾಗೆಂದು ಅವಳಿಗೆ ಹೇಳುತ್ತೇನೆ, ಅವಳು ಮತ್ತೆ ವಿವರಿಸುತ್ತಾಳೆ. ಈ ಕೆಲಸಕ್ಕೆ ಬರುತ್ತಿರುವ ನಿಮಗೆ ಹೇಳುವುದಿಷ್ಟೇ: ನಿಮ್ಮ ಹುಡುಗಿಯರು ನಿಮ್ಮನ್ನು ದಾಟಿ ಹೋಗುವ ದಿನ ಬರುತ್ತದೆ. ಅದಕ್ಕಿಂತ ಸುಖ ಈ ನೌಕರಿಯಲ್ಲಿ ಬೇರೆ ಇಲ್ಲ.

ಅವಳು ಪುಣೆಗೆ ಹೊರಟ ಸಂಜೆ ದಾವಣಗೆರೆ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಅಜ್ಜಿ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದರು. ಮುಬೀನಾ ಹರಿಹರದಿಂದ ಬಂದು, ಗೆಳತಿಯ ಸೂಟ್‌ಕೇಸಿನ ಮೇಲೆ ಕೂತು ತಾನೇ ಊರಿಗೆ ಹೊರಟವಳಂತೆ ಎಲ್ಲರಿಗೂ ಸಲಹೆ ಕೊಡುತ್ತಿದ್ದಳು. ಗಾಡಿ ತಡವಾಗಿ ಬರುತ್ತದೆ ಎಂದು ಹೇಳುತ್ತಿದ್ದರು. ಕೊಟ್ರಪ್ಪನವರು ಪ್ಲಾಟ್‌ಫಾರಂ ಉದ್ದಕ್ಕೂ ಆಚೆ ಈಚೆ ನಡೆದು, ಕೊನೆಗೆ ಮಗಳ ಮುಂದೆ ಬಂದು ನಿಂತರು.

“ಅಲ್ಲವ್ವ, ಎಲ್ರೂ ಕೇಳ್ತಾರೆ, ಮಗಳು ಏನು ಓದಾಕೆ ಹೊಂಟಾಳೆ ಅಂತ. ಗಣಿತ ಅಂತೀನಿ. ಲೆಕ್ಕ ಅಂದ್ರೆ ನಮ್ಮ ಅಂಗಡ್ಯಾಗೂ ಐತಲ್ಲ ಅಂತಾರೆ. ಖರೇ ಏನದು? ನಂಗೆ ಹೇಳು.”

ಪವಿತ್ರಾ ತಂದೆಯನ್ನು ನೋಡಿದಳು. ಆ ಮನೆಯಲ್ಲಿ ಅದುವರೆಗೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಮೆತ್ತಗೆ ಹೇಳಲು ಶುರುಮಾಡಿದಳು. ಕೊಟ್ರಪ್ಪನವರು ಕೈಕಟ್ಟಿ ನಿಂತು, ಹಣೆ ಗಂಟಿಕ್ಕಿಕೊಂಡು, ಒಂದು ಮಾತೂ ಬಿಡದೆ ಕೇಳಿದರು. ಅವಳು ಮುಗಿಸಿದ ಮೇಲೆ ಹಳಿಗಳ ಕಡೆ ನೋಡಿದರು.

“ತಿಳೀಲಿಲ್ಲವ್ವ ನಂಗೆ,” ಎಂದರು. “ಇನ್ನೊಂದು ಸಲ ಹೇಳು. ಗಾಡಿ ಇನ್ನೂ ಬಂದಿಲ್ಲ.”

ಅವಳು ಮತ್ತೆ ಮೊದಲಿನಿಂದ ಹೇಳತೊಡಗಿದಳು, ಈ ಸಲ ಇನ್ನೂ ಸ್ವಲ್ಪ ಗಟ್ಟಿಯಾಗಿ.